ರಿವರ್ಸಿನಲ್ಲಿ ಸಿಕ್ಕಿಕೊಂಡ ಗೌರಿ ಹಬ್ಬ

ಬಾವ,

ನಾನು ಪುಟ್ಟಸ್ವಾಮಿ, ನಿಮ್ಮ ಒಬ್ಬನೇ ಭಾಮೈದ. ಏಳನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಕೋಳಿ ಕೆದರಿದಂಗೈತೆ ಅಂತ ನಗಬೇಡಿ. ಎದುರಿಗೆ ಕೂತು ಹೇಳೋಕೆ ಐದು ತಿಂಗಳು ಸಿಕ್ಕಿತ್ತು. ಹೇಳಲಿಲ್ಲ. ಈಗ ನೀವು ಬೈಯೋಕಾಗದ ಕಡೆ ಹೋದ ಮೇಲೆ ಬರೀತಿದೀನಿ. ನನ್ನ ಧೈರ್ಯ ಎಂಥದು ನೋಡಿ.

ನಿಮ್ಮ ಬಿಳಿ ಕಾರಿನ ಗೇರ್ ಲಾಕು ನೆನಪಿದೆ ತಾನೇ? ಹಳೇ ಓನರ್ ಹಾಕಿಸಿದ್ದ ಕಬ್ಬಿಣದ ತುಂಡು. ಗಾಡಿ ನಿಲ್ಲಿಸಿ ರಿವರ್ಸಿಗೆ ಹಾಕಿ, ಲಾಕನ್ನ ಮೇಲಿಂದ ಒತ್ತಿದರೆ ಗೇರು ಅಲ್ಲೇ ಕಟ್ಟಿಹಾಕಿದಂಗೆ. ಕೀಲಿ ತಿರುಗಿಸಿದರೆ ಮಾತ್ರ ಬಿಡುಗಡೆ. ವಯಸ್ಸಾದಂಗೆ ಅದಕ್ಕೂ ಮೊಂಡುತನ ಬಂದಿತ್ತು. ನೀವು ಕೀಲಿ ಹಾಕಿ, ಒಂದು ಉಸಿರು ಬಿಟ್ಟು, ಮೆತ್ತಗೆ ಅಲ್ಲಾಡಿಸಿ ತೆಗೀತಿದ್ರಿ. "ಹಾಲು ಕರೆಯೋವಾಗ ಹಿಡಿದಂಗೆ ಹಿಡೀಬೇಕು ಕಣ್ಲಾ ಪುಟ್ಟಸ್ವಾಮಿ, ಬಲ ತೋರಿಸಬಾರ್ದು" ಅಂತ ಎಷ್ಟು ಸಲ ಹೇಳಿದ್ರಿ? ನಾನು ಯಾರು? ಎತ್ತಿನ ಗಾಡಿಯಿಂದ ಟ್ರ್ಯಾಕ್ಟರ್ ತನಕ ಎಲ್ಲಾ ಪಳಗಿಸಿದೋನು. ನನಗೆ ಹೇಳಿಕೊಡೋಕೆ ಬರ್ತಾರೆ ಅಂತ ಒಳಗೇ ನಕ್ಕಿದ್ದೆ.

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ. ನೀವು ಬ್ಯಾರನ್ ಮನೆ ಹತ್ರ ಹೊಗೆಸೊಪ್ಪು ಬೇಯಿಸೋಕೆ ಸೌದೆ ಹಾಕಿಸ್ತಾ ಇದ್ರಿ. ನಾನು ಹಬ್ಬಕ್ಕೆ ಅಂತ ಬೆಟ್ಟದಪುರದಿಂದ ನಿಮ್ಮೂರು ಕಟ್ಟೆಮಳಲವಾಡಿಗೆ ಬಂದಿದ್ದೆ. ನಿಮಗೆ ಹೇಳದೆ ಗೂಟದಲ್ಲಿದ್ದ ಕೀಲಿ ಎತ್ಕೊಂಡು ಹುಣಸೂರಿಗೆ ಹೋದೆ. ಕೆಲಸ ಏನೂ ಇರಲಿಲ್ಲ. ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿ, ನಮ್ಮ ಕಾರು, ಹೆಂಗೈತೆ ಅಂತ ಹಳೇ ಗೆಳೆಯರಿಗೆ ತೋರಿಸೋದು, ಅಷ್ಟೇ. ವಾಪಸ್ ಬಂದು ನಿಲ್ಲಿಸುವಾಗ ನೀವು ಹೊಲದ ಕಡೆಯಿಂದ ಬರ್ತಿದ್ದದ್ದು ಕಾಣಿಸ್ತು. ಗೇರು ರಿವರ್ಸಿಗೆ ಪೂರ್ತಿ ಕೂತಿರಲಿಲ್ಲ. ಒತ್ತಿದೆ, ಲಾಕು ಇಳೀಲಿಲ್ಲ. ಸೀಟಿನ ಕೆಳಗಿದ್ದ ಜಾಕ್ ರಾಡು ತಗೊಂಡು ಎರಡು ಏಟು ಕೊಟ್ಟೆ. ಇಳೀತು. ಒಳಗೆ ಏನೋ ಕಟ್ ಅಂದಂಗಾಯ್ತು. ಕೇಳಿಸಲೇ ಇಲ್ಲ ಅಂದುಕೊಂಡೆ.

ಬೆಳಿಗ್ಗೆ ನೀವು ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೊಸ ಪಂಚೆ. ಹಿಂದಿನ ಸೀಟಿನಲ್ಲಿ ಬಾಗಿನದ ಮೊರ, ನಿಮ್ಮ ತಂಗಿ ಜಯಮ್ಮನಿಗೆ ಸೀರೆ. ಅವಳ ಮಗನ ಲಗ್ನಪತ್ರಿಕೆಯಲ್ಲಿ ಸೋದರಮಾವ ಅಂತ ನಿಮ್ಮ ಹೆಸರು ಹಾಕಿಸಲಿಲ್ಲ ಅಂತ ಆರು ವರ್ಷ ಸಾಲಿಗ್ರಾಮದ ಅವಳ ಮನೆ ಹೊಸಲು ತುಳಿದಿರಲಿಲ್ಲ ನೀವು. ಆವತ್ತು ನೀವಾಗೇ ಹೊರಟಿದ್ರಿ. ಕೀಲಿ ಹಾಕಿದ್ರಿ, ಉಸಿರು ಬಿಟ್ರಿ, ಅಲ್ಲಾಡಿಸಿದ್ರಿ. ಲಾಕು ಜಪ್ಪಯ್ಯ ಅನ್ನಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ರೆ ಗಾಡಿ ಕೊಟ್ಟಿಗೆ ಕಡೆಗೆ ಒಂದು ಮಾರು ಹಿಂದಕ್ಕೆ ಹೋಯ್ತು.

"ಬಾವ, ರಿವರ್ಸಲ್ಲೇ ಸಾಲಿಗ್ರಾಮಕ್ಕೆ ಹೊಡ್ಕೊಂಡು ಹೋಗ್ತೀನಿ ಕೂತ್ಕೊಳ್ಳಿ, ಕುತ್ಗೆ ಒಸಿ ತಿರುಗಿಸ್ಕೊಂಡ್ರಾಯ್ತು" ಅಂದೆ. ಅಕ್ಕ ನಕ್ಕಳು. ನೀವು ನಗಲಿಲ್ಲ.

"ಗಾಡಿನೇ ಹಿಂದಕ್ಕೆ ಹೋಗು ಅಂತದೆ ಕಣ್ಲಾ."

"ಅಯ್ಯೋ, ಗಾಡಿ ಮಾತು ಕೇಳ್ತಾ ಕೂತ್ಕೊಂತೀರಾ? ಮೆಕ್ಯಾನಿಕ್ಕನ್ನ ಕರೆಸಿ, ಇಲ್ಲಾ ಬಸ್ಸಿಗೆ ಹೋಗಿ" ಅಂದಳು ಅಕ್ಕ.

ನೀವು ನನ್ನ ಮುಖ ನೋಡಿದ್ರಿ. ಬಾವ, ಆ ನೋಟಕ್ಕೆ ನಾನು ಏನು ಹೇಳಬಹುದಿತ್ತು? ಮೆಕ್ಯಾನಿಕ್ ಬಂದರೆ ರಾಡಿನ ಏಟಿನ ಗುರುತು ಕಾಣುತ್ತೆ ಅನ್ನೋದೊಂದೇ ನನ್ನ ತಲೇಲಿ. "ಹೊರಡುವಾಗಲೇ ಹಿಂಗಾಗೈತೆ, ಶಕುನ ಸರಿ ಇಲ್ಲ. ಇವತ್ತು ಬ್ಯಾಡ ಬುಡಿ ಬಾವ" ಅಂದೆ. ಯಾವತ್ತೂ ನನ್ನ ಮಾತಿಗೆ ಬೆಲೆ ಕೊಡದ ನೀವು, ಅದೊಂದು ದಿನ ಯಾಕೆ ಕೊಟ್ರಿ? ಮೊರ ಎತ್ಕೊಂಡು ಒಳಗೆ ಹೋದ್ರಿ. ಆಮೇಲೆ ಅಕ್ಕ ಸಾಲಿಗ್ರಾಮದ ಮಾತು ಎಷ್ಟು ಸಲ ಎತ್ತಿದರೂ "ದೇವರು ಒಂದ್ಸಲ ಹೇಳಿದ್ದು ಸಾಕು" ಅಂತ ಮಾತು ಮುಗಿಸ್ತಿದ್ರಿ. ನನಗೆ ಗುರುತಿದ್ದ ಒಬ್ಬ ಮೆಕ್ಯಾನಿಕ್ಕನ್ನ ನಾನೇ ಕರ್ಕೊಂಡು ಬಂದೆ. ತುಕ್ಕು ಅಂತ ಹೇಳು ಅಂತ ದಾರೀಲೇ ಹೇಳಿಕೊಟ್ಟಿದ್ದೆ. "ನಾನೇ ಆಗಾಗ ಎಣ್ಣೆ ಬಿಡಬೇಕಿತ್ತು" ಅಂತ ನೀವು ಆ ಕೀಲೀನ ಒರೆಸ್ತಾ ಕೂತಿದ್ದು... ಬೇಡ ಬುಡಿ.

ಮಾಘದಲ್ಲಿ ನೀವು ಹೋದ ದಿನ ಜಯಮ್ಮ ಬಂದಳು. ಜಗಲಿ ಹತ್ತಲಿಲ್ಲ. ನಾನು ಶಾಮಿಯಾನ ಅಲ್ಲಿ ಹಾಕ್ರೋ, ಕುರ್ಚಿ ಇಲ್ಲಿ ಇಡ್ರೋ ಅಂತ ಊರಿಗೆಲ್ಲಾ ಕೇಳಿಸೋ ಹಂಗೆ ಯಜಮಾನಿಕೆ ಮಾಡ್ತಿದ್ದೆ. "ಕೊನೇ ತನಕ ನನ್ನ ನೆನೀಲಿಲ್ಲ" ಅಂತ ಅವಳು ಯಾರಿಗೋ ಹೇಳಿದ್ದು ನನ್ನ ಕಿವಿಗೇ ಬಿತ್ತು. ಕುರ್ಚಿ ಸಾಲದು, ಇನ್ನೂ ತರ್ರೋ ಅಂತ ಮೊದಲಿಗಿಂತ ಜೋರಾಗಿ ಕೂಗಿದೆ ನೋಡಿ.

ಹೋದ ವಾರ ಮತ್ತೆ ಗೌರಿ ಹಬ್ಬ. ಅಕ್ಕನ ಮುಂದೆ ಎಲ್ಲಾ ಬಿಚ್ಚಿ ಹೇಳಿದೆ. ಬೈದಿದ್ರೆ ಸಲೀಸಾಗಿರೋದು. ಅನ್ನ ಇಟ್ಟಳು, ಇನ್ನೊಸಿ ಬೇಕಾ ಅಂತ ಕೇಳದೆ ಎದ್ದು ಹೋದಳು. ಆಮೇಲೆ ಬಾಗಿಲಿಂದಲೇ, "ವರ್ಷ ತುಂಬದ ಮನೆ, ಬಾಗಿನ ಕೊಡೋಂಗಿಲ್ಲ. ನೀನೇ ಹೋಗಿ ಜಯಮ್ಮಂಗೂ ಹೇಳು" ಅಂದಳು. ಬರಿಗೈಲಿ ಹೊರಟೆ. ಕಾರಿನಲ್ಲಿ ಈಗ ಲಾಕಿಲ್ಲ, ಗೇರಿನ ಪಕ್ಕ ಬರೀ ತೂತು. ಚುಂಚನಕಟ್ಟೆ ದಾಟೋ ತನಕ ಎರಡು ಸಲ ಗಾಡಿ ತಿರುಗಿಸೋ ಮನಸ್ಸಾಯ್ತು.

ಜಯಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿಸ್ಕೊಂಡಳು.

"ಏನಂದೆ? ಇನ್ನೊಂದ್ಸಲ ಹೇಳು."

"ಜಾಕ್ ರಾಡಲ್ಲಿ ನಾನೇ ಎರಡು ಏಟು..."

"ನಿನ್ನ ರಾಡಿಗೆ ಬೆಂಕಿ ಬೀಳ, ಅದಲ್ಲ ಕಣಯ್ಯ. ನಮ್ಮಣ್ಣ ಹೊಂಟಿದ್ನಾ?"

"ಹೊಂಟಿದ್ರು. ಕಾರಲ್ಲಿ ಕೂತಿದ್ರು."

"ಯಾವ ಶರ್ಟು ಹಾಕಿದ್ದ?"

"ಬಿಳೀದು. ಎರಡು ಸಲ ಕನ್ನಡಿ ನೋಡ್ಕೊಂಡ್ರು."

ಅವಳು ನನ್ನ ಪಕ್ಕಕ್ಕೆ ತಳ್ಳಿ ಬೀದಿಗೆ ಇಳಿದಳು ಬಾವ. ಒಳಗೆ ಬಾ ಅನ್ನಲಿಲ್ಲ, ನೀರು ಕೊಡಲಿಲ್ಲ, ಸರಿಯಾಗೇ ಮಾಡಿದಳು. ಎದುರು ಮನೆಯೋಳನ್ನ ಕೂಗಿದಳು, ಅದರಾಚೆ ಮನೆಯೋಳನ್ನೂ ಕೂಗಿದಳು. ನಾನು ಕಾರು ಹತ್ತೋವಾಗಲೂ ಆ ಧ್ವನಿ ಕೇಳಿಸ್ತಿತ್ತು:

"ನಮ್ಮಣ್ಣ ಹೋದ ಗೌರಿಗೆ ಹೊಂಟಿದ್ದ ಕಣಕ್ಕಾ! ನನ್ನ ಮನೆಗೇ ಹೊಂಟಿದ್ದ!"