ಬೇಸ್ ಬರುವ ತನಕ

ಮನೆ, ಮಹಡಿಯ ಕೋಣೆ
ನವೆಂಬರ್ ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ತೀರಿಕೊಂಡವರನ್ನು ಹೀಗೆ ಕೇಳಬಾರದೇನೋ. ಕೇಳದೆ ಮುಂದಿನ ಸಾಲು ಬರೆಯಲು ಕೈಯೇ ಬರುವುದಿಲ್ಲ. ಆ ಕೆಮ್ಮು ಅಲ್ಲಾದರೂ ಬಿಟ್ಟಿತೇ? ಇಲ್ಲಿ ನನ್ನ ಮೊಣಕಾಲು ಹಾಗೇ ಇದೆ. ನಿನ್ನ ಮಗಳು ಚೆನ್ನಾಗಿದ್ದಾಳೆ, ಊಟ ಮಾತ್ರ ಕೋಳಿ ಕೆದಕಿದ ಹಾಗೆ.

ನಿಮ್ಮ ಬ್ಯಾಂಡ್ ಇನ್ನೂ ನಡೆಯುತ್ತಿದೆ. ತಗಡಿನ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ನೀವು ನಾಲ್ವರು ಶುರು ಮಾಡಿದಾಗ ಅಪ್ಪ "ಆರು ತಿಂಗಳ ಹುಚ್ಚು" ಅಂದಿದ್ದರು. ಅಪ್ಪನೂ ಹೋದರು, ಕಾರ್ಖಾನೆಯೂ ಹೋಯಿತು, ಹುಚ್ಚು ಮಾತ್ರ ಉಳಿಯಿತು. ಪಂಕ್ ಸಂಗೀತದವರ ಸಿಟ್ಟು, ಫಂಕ್ ಸಂಗೀತದವರ ಕುಣಿತ, ಅದರ ಮೇಲೆ ಮೆರವಣಿಗೆಯ ತುತ್ತೂರಿ. ಯಾವ ಕಪಾಟಿಗೆ ಸೇರಿಸಬೇಕೆಂದು ತಿಳಿಯದೆ ರೆಕಾರ್ಡ್ ಅಂಗಡಿಯವನು ನಿಮ್ಮ ರೆಕಾರ್ಡನ್ನು ಛತ್ರಿಗಳ ಪಕ್ಕ ಇಟ್ಟಿದ್ದನಲ್ಲ! ಈಗ ಆಗಿನವರ ಮಕ್ಕಳು ಬಂದು ಕುಣಿಯುತ್ತಾರೆ.

ನಿಮ್ಮದೊಂದು ಪದ್ಧತಿ ಇತ್ತು. ಒಂದು, ಎರಡು ಎಂದು ಎಣಿಸಿ ಯಾರೂ ಶುರು ಮಾಡುವಂತಿಲ್ಲ. ಮೊದಲು ನಿನ್ನ ಮಂದ್ರ ದನಿಯ ಬೇಸ್ ಗಿಟಾರ್ ನುಡಿಯಬೇಕು, ಆಮೇಲೆ ಉಳಿದವರು. ನೀನೋ, ಜನ ಕೂಗಾಡಿದರೂ ಕಣ್ಣು ಮುಚ್ಚಿ ನಿಂತಿರುತ್ತಿದ್ದೆ. "ಎದ್ದೇಳೋ ಮಹಾರಾಯ" ಎಂದು ಡ್ರಮ್ ಬಾರಿಸುವ ಗುಡುಗಣ್ಣ ಹಿಂದಿನಿಂದ ಬೈಯುತ್ತಿದ್ದ.

ನೀನು ಹೋದ ಮೇಲಿನ ಮೊದಲ ಕಾರ್ಯಕ್ರಮದಲ್ಲಿ ನಿನ್ನ ಗಿಟಾರನ್ನು ನಿನ್ನ ಜಾಗದಲ್ಲೇ ಒರಗಿಸಿ, ಸ್ಪೀಕರ್ ಹಾಕಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದೆಂದು ಮಾತಾಗಿತ್ತು. ನಾನು ಎಂದಿನಂತೆ ಬಾಗಿಲ ಬಳಿ ಅಂಗಿ ಮಾರುವ ಮೇಜಿನ ಹಿಂದಿದ್ದೆ. ಆ ಮೌನದಲ್ಲಿ ಮೇಜಿನ ಹಲಗೆ ನಡುಗಿತು. ಮಡಿಸಿಟ್ಟ ಅಂಗಿಗಳು ಒಂದೊಂದಾಗಿ ಜಾರಿದವು. ಕಿವಿಗೆ ಏನೂ ಕೇಳಿಸಲಿಲ್ಲ, ಆ ನಡುಕ ಪಾದದಿಂದ ಹೊಟ್ಟೆಗೆ ಏರಿತು. ನಿನ್ನದೇ ನಿಧಾನ, ನಿನ್ನದೇ ಭಾರ. ಗುಡುಗಣ್ಣ, ಹಾಡುವವನು, ತುತ್ತೂರಿಯವನು ಮೂವರೂ ಒಂದೇ ಕ್ಷಣಕ್ಕೆ ಸೇರಿಕೊಂಡರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಂದಿನಿಂದ ಪ್ರತಿ ಸಲವೂ ಹೀಗೇ.

ನಿನ್ನ ಮಗಳು ನಿನ್ನ ಹಾಡುಗಳನ್ನೆಲ್ಲ ಕಲಿತಿದ್ದಾಳೆ. ಬೆರಳ ತುದಿ ಜಡ್ಡುಗಟ್ಟಿದೆ. ನಿನ್ನ ಜಾಗ ಕೇಳಿದಳು. "ಜಾಗ ಖಾಲಿ ಇಲ್ಲವಲ್ಲ ಮಗಳೇ" ಅಂದ ಗುಡುಗಣ್ಣ. ಅವನು ಕಟುಕನಲ್ಲ, ಹೆದರಿದ್ದಾನೆ. ಆದರೂ ಹೋದ ವಾರ ಅಭ್ಯಾಸಕ್ಕೆ ನಿಲ್ಲಿಸಿಕೊಂಡರು. ಅವಳು ತನ್ನ ಗಿಟಾರಿನ ತಂತಿ ಮುಟ್ಟುವ ಮೊದಲೇ ಗೋಡೆಗೆ ಒರಗಿದ್ದ ನಿನ್ನದು ಶುರುವಾಯಿತು. ನೆಲ ನಡುಗಿತು. ಮೂವರೂ ನಿನ್ನ ಹಿಂದೆ ಹೋದರು, ಅವಳು ಕೈ ಎತ್ತಿದವಳು ಎತ್ತಿದ ಹಾಗೇ ನಿಂತಳು. ಮನೆಗೆ ಬಂದು "ಅತ್ತೆ, ಅಪ್ಪನಿಗೆ ನಾನು ಕಾಣಿಸೋದಿಲ್ವಾ?" ಎಂದಳು. ತಲೆ ನೇವರಿಸಿದೆ.

ಅಪ್ಪ ಅಮ್ಮ ಅಲ್ಲಿ ಸಿಕ್ಕರೆ ನನ್ನ ನಮಸ್ಕಾರ ತಿಳಿಸು. ತಣ್ಣಗಿರು.

ನಿನ್ನ ತಂಗಿ

ಅವಸರದಲ್ಲಿ ಇನ್ನೊಂದು: ಶನಿವಾರದ ಕಾರ್ಯಕ್ರಮಕ್ಕೆ ಅವಳನ್ನು ನಿಲ್ಲಿಸಲು ಅವರನ್ನೆಲ್ಲ ಒಪ್ಪಿಸಿದ್ದೇನೆ. ಈ ಸಲ ಆಗದಿದ್ದರೆ ಗಿಟಾರ್ ಮುಟ್ಟುವುದಿಲ್ಲ ಅಂದಿದ್ದಾಳೆ, ಹಠದಲ್ಲಿ ನಿನ್ನ ಮಗಳೇ. ಅಣ್ಣಾ, ಅವತ್ತು ಮಗು ಶುರು ಮಾಡಲಿ. ಈ ಮೊಣಕಾಲು ಎಳೆದುಕೊಂಡು ನಾನು ಪ್ರತಿ ಕಾರ್ಯಕ್ರಮಕ್ಕೆ ಹೋಗುವುದೇ ನೀನು ಬರುತ್ತೀಯೆಂದು. ಯಾರಿಗೂ ಹೇಳಿಲ್ಲ. ಆದರೂ ಕೇಳಿಕೊಳ್ಳುತ್ತಿದ್ದೇನೆ, ಬರಬೇಡ.