ದೊಣೆಯ ದಾರಿಗೆ ಬಿದ್ದ ಬೀಗ

ಬೆಟ್ಟಕ್ಕೆ ಬೀಗ ಹಾಕಿಸಿದ ಮಾನ್ಯರೇ,

ಪುರವರದ ಕಡೆಯ ನಮ್ಮ ಕೆಂಚನಬೆಟ್ಟದ ಕೋಟೆ ಬಾಗಿಲಿಗೆ ನೀವು ಕಬ್ಬಿಣದ ಗೇಟು ನಿಲ್ಲಿಸಿದ್ದೀರಿ. ಬೆಳಿಗ್ಗೆ ಹತ್ತಕ್ಕೆ ತೆಗೆದು ಸಂಜೆ ಐದಕ್ಕೆ ಮುಚ್ಚುತ್ತೀರಿ. ಬೇಸಿಗೆಯಲ್ಲಿ ನನ್ನ ನಲವತ್ತು ಕುರಿಗಳಿಗೆ ನೀರಿರುವುದು ಆ ಗೇಟಿನ ಆಚೆ ಮಾತ್ರ. ಈ ಹೊತ್ತನ್ನು ಯಾರನ್ನು ಕೇಳಿ ಗೊತ್ತು ಮಾಡಿದಿರಿ? ಹತ್ತರ ಮೇಲೆ ಬಂಡೆ ಎಂದರೆ ಕಾದ ಹೆಂಚು, ಕುರಿ ಗೊರಸು ಊರುವುದಿಲ್ಲ. ಬೂಟು ಹಾಕಿಕೊಂಡು ಬರುವವರಿಗೆ ಮಾತ್ರ ಹೊಂದುವ ಹೊತ್ತು ಅದು.

ಈ ರಗಳೆ ಶುರುವಾದದ್ದು ನಿಮ್ಮ ಪ್ರವಾಸೋದ್ಯಮ ಕಚೇರಿಯ ಒಂದು ಪದದಿಂದ. ಹೋದ ವರ್ಷ ‘ಯಾರೂ ಕಾಣದ ತಾಣಗಳು’ ಎಂಬ ಪಟ್ಟಿ ಮಾಡಲು ನಿಮ್ಮವರೊಬ್ಬರು ಬಂದರು. ಯಾರೂ ಕಾಣದ ತಾಣವಂತೆ! ನಮ್ಮ ಅಜ್ಜ, ಮುತ್ತಜ್ಜ ಕಣ್ಣು ಕಟ್ಟಿಕೊಂಡು ಕುರಿ ಮೇಯಿಸುತ್ತಿದ್ದರೇನು? “ಮೇಲೆ ಏನಿದೆ ಯಜಮಾನರೇ?” ಎಂದರು. “ದೊಣೆ ಐತೆ ಸ್ವಾಮಿ, ಬ್ಯಾಸಿಗೇಲೂ ಬತ್ತಲ್ಲ” ಎಂದೆ. ದೊಣೆ ಎಂದರೆ ಬಂಡೆಯ ಗುಳಿಯಲ್ಲಿ ನಿಲ್ಲುವ ನೀರು. ನಮ್ಮ ಹಟ್ಟಿಯ ಕೂಸಿಗೂ ಗೊತ್ತು. ಓದಿದ ಅವರು ‘ದೋಣಿ’ ಎಂದು ಬರೆದುಕೊಂಡರು. ತಿಂಗಳೊಳಗೆ ಬೋರ್ಡು ಬಂತು: ‘ಬೆಟ್ಟದ ತುದಿಯಲ್ಲಿ ದೋಣಿವಿಹಾರ’. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ತಪ್ಪು ಹೇಳಲು ನಿಮ್ಮ ಕಚೇರಿಗೆ ಬಂದರೆ, “ಸ್ಪೆಲ್ಲಿಂಗ್ ನಮಗೆ ಬಿಡಿ” ಎಂದರು. ಬಿಟ್ಟೆ.

ಬಂದರು ನೋಡಿ ಜನ, ಕಾರಿನ ಮೇಲೆ ಕಾರು. ಒಬ್ಬಾಕೆ ಏದುಸಿರು ಬಿಡುತ್ತ ಹತ್ತಿ ಬಂದು “ಅಜ್ಜ, ಬೋಟ್ ಎಲ್ಲಿ?” ಎಂದಳು. “ಕುರಿ ಕುಡ್ದುಬುಟ್ವು ಕಣಮ್ಮ” ಎಂದೆ. ದೋಣಿ ಇಲ್ಲದ್ದಕ್ಕೆ ಈಜಾದರೂ ಇರಲಿ ಎಂದು ಇನ್ನೊಬ್ಬ ದೊಣೆಗೆ ಹಾರಿ ಕಾಲು ಮುರಿದುಕೊಂಡ. ಆಗಲಾದರೂ ಬೋರ್ಡು ತೆಗೆದಿರಾ? ಇಲ್ಲ, ಸುರಕ್ಷತೆ ಎಂದು ಗೇಟು ಹಾಕಿದಿರಿ. ಮುರಿದದ್ದು ಅವನ ಕಾಲು, ಕಟ್ಟಿಹಾಕಿದ್ದು ನಮ್ಮ ಕಾಲು.

ಹೋದ ಮಂಗಳವಾರ ನಿಮ್ಮ ಕಾವಲುಗಾರ ಪಾಲಾಕ್ಷ ಮಧುಗಿರಿ ಬಸ್ಸು ಹಿಡಿಯಲು ನಾಲ್ಕೂವರೆಗೇ ಬೀಗ ಜಡಿದು ಹೊರಟ. ಬಂಡೆ ತಣಿಯಲೆಂದು ಕಾದು ಹೊತ್ತು ವಾಲಿದ ಮೇಲೆ ಹತ್ತಿದ್ದೆ, ಕುರಿಗಳ ಜೊತೆ ನಾನು ಒಳಗೆ. ಫೋನು ಮಾಡಿದೆ.

“ಲೇ ಪಾಲಾಕ್ಷ, ನಾನಿನ್ನೂ ಒಳ್ಗೇ ಇವ್ನಿ ಕಣ್ಲಾ!”

“ಟಿಕೇಟ್ ತಗಂಡೋರೆಲ್ಲ ಇಳುದ್ರಲ್ಲ ಯಜಮಾನ್ರೇ. ನೀವು ಲೆಕ್ಕದಾಗೇ ಇಲ್ಲ. ಬಸ್ ಬುಟ್ಟೈತೆ, ನಾಳೆ ಬತ್ತೀನಿ.”

ಗೇಟು ಹತ್ತಿ ಇಳಿಯಬಹುದಿತ್ತು. ಚಿರತೆ ಓಡಾಡುವ ಬೆಟ್ಟದಲ್ಲಿ ಕುರಿ ಬಿಟ್ಟು ಹೆಂಗೆ ಇಳಿಯಲಿ? ನನ್ನ ಹೆಂಡತಿ ಆಂಜಿನಮ್ಮ ಊಟ ತಂದಳು. ಮುದ್ದೆ ಸರಳಿನ ನಡುವೆ ತೂರಲಿಲ್ಲ. ಅಂಗೈಯಲ್ಲಿ ತಟ್ಟಿ, ರೊಟ್ಟಿಯಂತೆ ಚಪ್ಪಟೆ ಮಾಡಿ ಕೊಟ್ಟಳು. “ಮಾರಾಜ್ರಿಗೆ ಕೋಟೆ ಸಿಕ್ತಲ್ಲ, ಆಳ್ಕಳಿ” ಎಂದು ನಕ್ಕಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು. ಬೈದರೂ ಮನೆಗೆ ಹೋಗಲಿಲ್ಲ. ಮರುದಿನ ಹತ್ತಕ್ಕೆ ಬೀಗ ತೆಗೆಯುವವರೆಗೂ ಗೇಟಿನ ಆಚೆ ಅವಳು, ಈಚೆ ನಾನು. ಅರವತ್ತೆಂಟು ವರ್ಷಕ್ಕೆ ನನ್ನ ಬೆಟ್ಟವೇ ನನಗೆ ಜೈಲಾಯಿತು.

ನಾನು ಕೇಳುವುದು ಇಷ್ಟೇ. ಆ ಬೀಗದ ಇನ್ನೊಂದು ಕೀ ನಮ್ಮ ಹಟ್ಟಿಯಲ್ಲಿರಲಿ. ಬೆಳಕು ಹರಿಯುತ್ತಲೇ ಕುರಿ ಹತ್ತಬೇಕು, ಬಿಸಿಲೇರುವ ಮುಂಚೆ ನೀರು ಕುಡಿದು ಇಳಿಯಬೇಕು. ಯುಗಾದಿಯೊಳಗೆ ಕೀ ಬರದಿದ್ದರೆ ನಲವತ್ತನ್ನೂ ನಿಮ್ಮ ಕಚೇರಿಗೇ ಹೊಡೆದುಕೊಂಡು ಬರುತ್ತೇನೆ. ಬಾಗಿಲು ಹಾಕಿಕೊಳ್ಳಬೇಡಿ, ಬಾಯಾರಿ ಬಂದಿರುತ್ತವೆ. ನೀರು ನೀವೇ ಕುಡಿಸಿ.

ಇಂತಿ,
ಸದ್ಯಕ್ಕೆ ಗೇಟಿನ ಹೊರಗಿರುವ,
ಮೂಡಲಗಿರಿಯಪ್ಪ