ಊಟದ ಮೇಲಿನ ಮೂರು ಗಂಟೆ

ಅಮ್ಮ, ಹವಾನಾಕ್ಕೆ ಈ ಸಲ ಒಬ್ಬಳೇ ಬಂದೆ. ದಿನಾ ರಾತ್ರಿ ಒಂಬತ್ತಕ್ಕೆ ಕೋಟೆಯಲ್ಲಿ ಹಾರಿಸುವ ತೋಪಿಗೆ ನಿನ್ನೆಯೂ ಬೆಚ್ಚಿಬಿದ್ದೆ. ಇವತ್ತು ಗ್ವಾನಾಬೊ ಕಡಲತೀರದಲ್ಲಿ, ನಾವು ಇಳಿದುಕೊಳ್ಳುತ್ತಿದ್ದ ಅದೇ ಒದಾಲಿಸಳ ಮನೆಯಲ್ಲಿ ಕರಿದ ಮೀನು ತಿಂದು, ಮರಳ ಮೇಲೆ ಗಡಿಯಾರ ನೋಡುತ್ತ ಕೂತೆ. ಉಂಡ ಮೇಲೆ ಮೂರು ಗಂಟೆ ನೀರಿಗಿಳಿಯಬಾರದೆಂದು ಚಿಕ್ಕಂದಿನಲ್ಲಿ ಕೈಹಿಡಿದು ಕೂರಿಸುತ್ತಿದ್ದವಳು ನೀನೇ ತಾನೆ.

ಒದಾಲಿಸ್ ನಕ್ಕಳು. “ಇನ್ನೂ ಕಾಯ್ತಿದ್ದೀಯೇನೇ? ತಲೆ ನೆರೀತು, ಆ ಮೀನಿನ್ನೂ ಅರಗ್ಲಿಲ್ವಾ? ಹೋಗೇ ಮಾರಾಯ್ತಿ!”

ಹೋದ ವರ್ಷ ನೀನು ನೀರಿಗಿಳಿಯಲು ಎದ್ದಾಗ, “ಈಗಷ್ಟೇ ಉಂಡಿದ್ದೀಯ, ಸುಮ್ನೆ ಕೂತ್ಕೋ” ಎಂದು ನಾನೇ ತಡೆದಿದ್ದೆ. ಮೂರು ಗಂಟೆ ತುಂಬುವ ಮೊದಲೇ ನಾವು ಊರಿಗೆ ಹಿಂದಿರುಗುವ ಬಸ್ಸು ಬಂತು. ಡಿಸೆಂಬರಿನಲ್ಲಿ ನೀನೇ ತೀರಿಹೋದೆ.

ಇವತ್ತು ಅರ್ಧ ಗಂಟೆಗೇ ಎದ್ದು, ಹೆದರುತ್ತಲೇ ಕುತ್ತಿಗೆಯವರೆಗೂ ಇಳಿದೆ. ನೀರು ಬೆಚ್ಚಗಿತ್ತು. ಏನೂ ಆಗಲಿಲ್ಲ, ಅಮ್ಮ.